ಎರಡು ಸ್ಲ್ಯಾಶ್ ಕಂಡು ನಾನು ಮಾಡಿಕೊಂಡ ಎಡವಟ್ಟು

ದಾವಣಗೆರೆ ಮಂಡಿಪೇಟೆಯ ಒಂದು ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಮೆಕ್ಕೆಜೋಳದ ಲೋಡ್ ಬಂದರೆ ತೂಕ ಬರೆದು ಬಿಲ್ ಮಾಡಬೇಕು, ಪಿಡಿಎಫ್ ಒಂದು ಫೋಲ್ಡರ್‌ಗೆ ಹೋಗಿ ಕೂರಬೇಕು. ಫೋಲ್ಡರ್‌ನ ವಿಳಾಸ ಕಾನ್ಫಿಗ್ ಫೈಲ್‌ನಲ್ಲಿ, ಅಂದ್ರೆ ಪ್ರೋಗ್ರಾಂನ ಸೆಟ್ಟಿಂಗ್ ಬರೆದಿಡುವ ಫೈಲ್‌ನಲ್ಲಿ ಇತ್ತು. ಡಿ ಡ್ರೈವ್, ಅದರೊಳಗೆ ತೂಕ, ಅದರೊಳಗೆ ಬಿಲ್ಸ್. ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಒಂದೊಂದು ಬ್ಯಾಕ್‌ಸ್ಲ್ಯಾಶ್, ಅಂದ್ರೆ ಹಿಂದಕ್ಕೆ ವಾಲಿದ ಗೆರೆ.

ಹಳೇ ಫೈಲ್ ಎಕ್ಸ್‌ಎಂಎಲ್ (XML) ಅನ್ನೋ ಮಾದರಿಯದು. ಅಲ್ಲಿ ಬ್ಯಾಕ್‌ಸ್ಲ್ಯಾಶ್ ಪಾಪದ ಪ್ರಾಣಿ, ಒಂದೇ ಹಾಕಿದರೆ ಸಾಕು. ಅಲ್ಲಿ ಕಾಟ ಕೊಡೋದು & ಚಿಹ್ನೆ. ಅಂಗಡಿ ಹೆಸರಿನಲ್ಲಿ '& ಸನ್ಸ್' ಇದ್ದರೆ ಗೊತ್ತಾಗುತ್ತೆ. ಆಮೇಲೆ ಅದನ್ನು ಜೇಸನ್ (JSON) ಅನ್ನೋ ಇನ್ನೊಂದು ಮಾದರಿಗೆ ಬದಲಾಯಿಸಿದೆ. ಜೇಸನ್‌ನಲ್ಲಿ ಒಂದು ಬ್ಯಾಕ್‌ಸ್ಲ್ಯಾಶ್ ಬೇಕಂದ್ರೆ ಎರಡು ಬರೆಯಬೇಕು, ಒಂದೇ ಇದ್ದರೆ ಅದು ಪಕ್ಕದ ಅಕ್ಷರದ ಜೊತೆ ಸೇರಿ ಬೇರೇನೋ ಆಗಿಬಿಡುತ್ತೆ. ಹಾಗೇ ಬರೆದಿದ್ದೆ.

ಪಿ.ಜೆ. ಬಡಾವಣೆಯ ನನ್ನ ರೂಮಿನಲ್ಲಿ ಕೂತು ಕೋಡ್ ಬರೆಯುವ ವಿಷುವಲ್ ಸ್ಟುಡಿಯೋದ ಡಿಬಗರ್‌ನಲ್ಲಿ, ಅಂದ್ರೆ ಓಡುತ್ತಿರುವ ಪ್ರೋಗ್ರಾಂನ ಒಳಗೆ ಏನಿದೆ ಅಂತ ತೋರಿಸುವ ಕಡೆ, ಆ ವಿಳಾಸ ನೋಡಿದೆ. ಅಲ್ಲೂ ಎರಡೆರಡು ಸ್ಲ್ಯಾಶ್! ಓಹೋ, ಜಾಸ್ತಿ ಆಯ್ತು ಅಂದುಕೊಂಡು ಕಾನ್ಫಿಗ್‌ನಲ್ಲಿ ಒಂದೊಂದು ಅಳಿಸಿದೆ. ಮತ್ತೆ ಓಡಿಸಿದರೆ ಡಿಬಗರ್‌ನಲ್ಲಿ ಒಂದೊಂದೇ ಸ್ಲ್ಯಾಶ್, ಎಷ್ಟು ಚೆಂದ. ನನ್ನ ಲ್ಯಾಪ್‌ಟಾಪ್‌ನಲ್ಲಿ ಡಿ ಡ್ರೈವ್ ಇಲ್ಲ, ಹಾಗಾಗಿ ಬಿಲ್ ಸೇವ್ ಮಾಡಿ ನೋಡಲೇ ಇಲ್ಲ. ಮರುದಿನ ಅಂಗಡಿಯಲ್ಲಿ ಹಾಕಿದೆ. ಒಂದೂ ಬಿಲ್ ಸೇವ್ ಆಗಲಿಲ್ಲ. ಹೊರಗೆ ಲಾರಿ ನಿಂತಿತ್ತು, ಒಳಗೆ ಸಾಹುಕಾರರು ನನ್ನ ಮುಖ ನೋಡುತ್ತಾ ಕೂತಿದ್ದರು.

ಆಗಿದ್ದಿಷ್ಟು. ಡಿಬಗರ್ ಸ್ಟ್ರಿಂಗನ್ನು, ಅಂದ್ರೆ ಅಕ್ಷರಗಳ ಸಾಲನ್ನು, ಇದ್ದ ಹಾಗೆ ತೋರಿಸಲ್ಲ. ಅದನ್ನೇ ನೀವು ಕೋಡ್‌ನಲ್ಲಿ ಬರೆದರೆ ಹೇಗೆ ಬರೀತೀರೋ ಹಾಗೆ ತೋರಿಸುತ್ತೆ. ಮೆಮೊರಿಯಲ್ಲಿ ಒಂದು ಸ್ಲ್ಯಾಶ್ ಇದ್ದರೆ ಎರಡು ಕಾಣುತ್ತೆ. ನಾನು ಒಂದೊಂದು ಅಳಿಸಿದ ಮೇಲೆ, ಸ್ಲ್ಯಾಶ್ ಪಕ್ಕದ 'ಟಿ' ಸೇರಿ ಟ್ಯಾಬ್ ಆಯ್ತು, 'ಬಿ' ಸೇರಿ ಬ್ಯಾಕ್‌ಸ್ಪೇಸ್ ಆಯ್ತು. ಆ ಟ್ಯಾಬನ್ನು ಡಿಬಗರ್ ಮತ್ತೆ ಸ್ಲ್ಯಾಶ್-ಟಿ ಅಂತಲೇ ತೋರಿಸಿತು. ಸರಿಯಿದ್ದದ್ದು ತಪ್ಪಾಗಿ ಕಂಡಿತ್ತು, ಕೆಟ್ಟದ್ದು ಸರಿಯಾಗಿ ಕಂಡಿತು. ಫೋಲ್ಡರ್ ಹೆಸರು 'ಗೋಡೌನ್' ಅಂತ ಇದ್ದಿದ್ದರೆ ಬಚಾವ್. ಸ್ಲ್ಯಾಶ್-ಜಿ ಜೇಸನ್‌ನಲ್ಲಿ ಇಲ್ಲವೇ ಇಲ್ಲ, ಫೈಲ್ ಓದುವಾಗಲೇ ಎರರ್ ಬರುತ್ತಿತ್ತು. ಟಿ, ಬಿ ಎರಡೂ ನಡೆಯುತ್ತವೆ, ಅದಕ್ಕೇ ಸದ್ದಿಲ್ಲದೆ ಕೆಟ್ಟಿತು.

ಸಿಕ್ಕಿಬಿದ್ದಿದ್ದು ಉದ್ದ ನೋಡಿದಾಗ. ಬೆರಳು ಮಡಚಿ ಎಣಿಸಿದೆ. ಡಿ, ಕೋಲನ್, ಸ್ಲ್ಯಾಶ್, ತೂಕಕ್ಕೆ ಇಂಗ್ಲಿಷಿನ ಆರು ಅಕ್ಷರ, ಸ್ಲ್ಯಾಶ್, ಬಿಲ್ಸ್‌ಗೆ ಐದು. ಒಟ್ಟು 15 ಇರಬೇಕು. ಡಿಬಗರ್‌ನಲ್ಲಿ ಲೆಂಗ್ತ್ 13 ಅಂತಿತ್ತು. ಕಾನ್ಫಿಗ್‌ನಲ್ಲಿ ಮತ್ತೆ ಎರಡೆರಡು ಸ್ಲ್ಯಾಶ್ ಬರೆದು ಓಡಿಸಿದೆ. ಕಣ್ಣಿಗೆ 17 ಅಕ್ಷರ, ಲೆಂಗ್ತ್ 15. ಬಿಲ್ ಸೇವ್ ಆಯ್ತು. ಡಿಬಗರ್‌ನಲ್ಲಿ ಆ ವ್ಯಾಲ್ಯೂ ಪಕ್ಕದ ಭೂತಗನ್ನಡಿ ಚಿತ್ರ ಒತ್ತಿದರೆ ಸ್ಟ್ರಿಂಗ್ ಇದ್ದ ಹಾಗೇ ಕಾಣುತ್ತೆ ಅನ್ನೋದು ನನಗೆ ಆಮೇಲೆ ಹೊಳೀತು.

ಈಗ ನಾನು ಕಾನ್ಫಿಗ್‌ನಲ್ಲಿ ಮುಂದಕ್ಕೆ ವಾಲಿದ ಸ್ಲ್ಯಾಶನ್ನೇ ಹಾಕೋದು. ವಿಂಡೋಸ್ ಒಪ್ಪುತ್ತೆ, ಜೇಸನ್‌ಗೂ ತಕರಾರಿಲ್ಲ. ಆದರೆ ಗುಮಾಸ್ತರು ಎಕ್ಸ್‌ಪ್ಲೋರರ್‌ನಿಂದ ಬ್ಯಾಕ್‌ಸ್ಲ್ಯಾಶ್ ಇರುವ ವಿಳಾಸವನ್ನೇ ಕಾಪಿ ಮಾಡಿ ಅಂಟಿಸಿಬಿಡುತ್ತಾರೆ ಅಲ್ವಾ? ಅದಕ್ಕೆ ಪ್ರೋಗ್ರಾಂ ಶುರುವಾದ ಕೂಡಲೇ ಆ ಫೋಲ್ಡರ್ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಅಲ್ಲೇ ಹೇಳಿಬಿಡುತ್ತೆ.

ಇನ್ನೊಂದು ದಿನ ಸಾಹುಕಾರರೇ ಆ ಕಾನ್ಫಿಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದಿದ್ದರು. "ಏನಪ್ಪಾ ತಮ್ಮಾ, ವೈರಸ್ ಬಂದೈತೇನು?" ಅಂದರು. 'ಮೆಕ್ಕೆಜೋಳ' ಇರಬೇಕಾದ ಕಡೆ ಸ್ಲ್ಯಾಶ್-ಯು, ಅದಾದ ಮೇಲೆ ನಾಲ್ಕು ಅಂಕಿ-ಅಕ್ಷರ, ಹೀಗೆ ಒಂಬತ್ತು ಸಲ. ನಾಲ್ಕಕ್ಷರದ ಪದಕ್ಕೆ ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು ಚಿಹ್ನೆ, ಫೈಲ್‌ನಲ್ಲಿ 54. ನಾನು ಪ್ರೋಗ್ರಾಂ ಬರೆಯಲು ಬಳಸಿದ ಡಾಟ್‌ನೆಟ್‌ನ ಜೊತೆಗೇ ಬರುವ ಜೇಸನ್ ಲೈಬ್ರರಿ ತಾನಾಗಿಯೇ ಕನ್ನಡವನ್ನು ಹೀಗೆ ಬರೆಯುತ್ತೆ. ಓದುವಾಗ ಸರಿಯಾಗೇ ಓದುತ್ತೆ, ಮನುಷ್ಯರಿಗೆ ಮಾತ್ರ ಕಷ್ಟ. ಕನ್ನಡದ ಅಕ್ಷರಗಳನ್ನು ಹಾಗೇ ಬಿಡು ಅಂತ ಅದರ ಎನ್‌ಕೋಡರ್‌ಗೆ, ಅಂದ್ರೆ ಅಕ್ಷರ ಹೇಗೆ ಬರೆಯಬೇಕು ಅಂತ ನಿರ್ಧರಿಸುವ ಭಾಗಕ್ಕೆ ಹೇಳಿ, ಫೈಲ್ ಮತ್ತೆ ತೆರೆದು ತೋರಿಸಿದೆ.

"ಈಗ ಸರಿ ಐತಿ ನೋಡು" ಅಂದರು. "ಆದ್ರೆ ರೇಟು ಹೋದ ವಾರದ್ದೈತಲ್ಲೋ."