ಟ್ಯೂಬಿಂಗನ್‌ನಲ್ಲಿ ನಾಲ್ಕು ವಾರ

ಎಂ.ಎ. ಇತಿಹಾಸ ಓದುವಾಗ ಒಂದು ಆಗಸ್ಟ್ ತಿಂಗಳು ಜರ್ಮನಿಯ ಟ್ಯೂಬಿಂಗನ್‌ಗೆ ಹೋಗಿದ್ದೆ. ನಾಲ್ಕು ವಾರದ ಕೋರ್ಸು. ಬೆಳಿಗ್ಗೆ ಸ್ವಲ್ಪ ಭಾಷೆ, ಆಮೇಲೆ ಇತಿಹಾಸ, ಸಂಸ್ಕೃತಿ, ಓಡಾಟ. ಹೇಗೆ ಹೋದೆ, ಏನು ಸಿಕ್ಕಿತು ಅಂತ ಜೂನಿಯರ್‌ಗಳು ಈಗಲೂ ಕೇಳುತ್ತಿರುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡುತ್ತೇನೆ.

ಆ ಊರೇ ಯಾಕೆ ಅಂದರೆ, ಕಿಟ್ಟೆಲ್. ನಾನು ಧಾರವಾಡದವಳು. ಕಿಟೆಲ್ ಕಾಲೇಜಿನ ಮುಂದೆ ಸಾವಿರ ಸಲ ಓಡಾಡಿದ್ದೇನೆ. ಆದರೆ ಈ ಮನುಷ್ಯ ಯಾರು ಅಂತ ತಲೆಗೆ ಬಂದಿದ್ದು ಓದೋಕೆ ಬೆಂಗಳೂರಿಗೆ ಹೋದ ಮೇಲೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದಕ್ಕಾಗಿ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ, 1903ರಲ್ಲಿ ಅವರು ತೀರಿಕೊಂಡಿದ್ದೂ ಅದೇ ಊರಿನಲ್ಲಿ. ಅರ್ಜಿಯ ಜೊತೆ 'ಯಾಕೆ ಬರಬೇಕು' ಅಂತ ಒಂದು ಪುಟ ಬರೆಯಬೇಕಿತ್ತು. ಮೊದಲು ಜಾಗತಿಕ ದೃಷ್ಟಿಕೋನ ಅದೂ ಇದೂ ಅಂತ ಬರೆದೆ, ಓದಿದರೆ ನನಗೇ ಆಕಳಿಕೆ ಬಂತು. ಹರಿದುಹಾಕಿ ಕಿಟ್ಟೆಲ್ ವಿಷಯ ಬರೆದೆ. ಸೀಟು ಸಿಕ್ಕಿತು, ಶುಲ್ಕದಲ್ಲಿ ಸ್ವಲ್ಪ ರಿಯಾಯಿತಿಯೂ ಸಿಕ್ಕಿತು.

ವೀಸಾ ನಾವು ಹೆದರುವಷ್ಟು ಕಷ್ಟವಲ್ಲ. 90 ದಿನದ ಒಳಗಾದರೆ ಶೆಂಗೆನ್ ವೀಸಾ ಸಾಕು. ಕನಿಷ್ಠ 30,000 ಯೂರೋದ ವಿಮೆ ಬೇಕೇ ಬೇಕು, ಬ್ಯಾಂಕಿನ ಕಾಗದ ಬೇಕು. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಅಲ್ಲಿಯ ಕ್ರೆಡಿಟ್ ಇಲ್ಲಿ ಸೇರಿಸಿಕೊಳ್ಳುತ್ತೇವೆ ಅಂತ ನಮ್ಮ ಕಡೆಯವರು ಬಾಯಿಮಾತಿನಲ್ಲಿ ಹೇಳಿದ್ದರು, ವಾಪಸ್ ಬಂದ ಮೇಲೆ 'ನಿಯಮದಲ್ಲಿ ಇಲ್ಲವಲ್ಲಮ್ಮ' ಅಂದರು. ಒಂದು ಕ್ರೆಡಿಟ್ಟೂ ಸಿಗಲಿಲ್ಲ. ಹೋಗುವ ಮೊದಲೇ ಸಹಿ, ಸೀಲು ಹಾಕಿದ ಕಾಗದ ತಗೊಳ್ಳಿ.

ತಲುಪಿದ್ದು ಭಾನುವಾರ. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತೆ ಅಂತ ಎಲ್ಲೋ ಓದಿದ್ದೆ, ಆದರೆ ಇಡೀ ಊರೇ ಹೀಗೆ ಬಾಗಿಲು ಹಾಕಿಕೊಂಡಿರುತ್ತೆ ಅಂದುಕೊಂಡಿರಲಿಲ್ಲ. ಮೇಷ್ಟ್ರಿಗೆ ಅಂತ ಒಯ್ದಿದ್ದ ಪೇಡೆಯಲ್ಲಿ ಅರ್ಧ ಅವತ್ತು ರಾತ್ರಿ ನನ್ನ ಹೊಟ್ಟೆ ಸೇರಿತು. ಇನ್ನೊಂದು ವಿಷಯ. ಮೌಲ್‌ಟಾಶನ್ ಅಂತ ಒಂದು ತಿಂಡಿ ಇದೆ, ನೋಡೋಕೆ ನಮ್ಮ ಕಡುಬಿನ ಹಾಗೆ. ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತೆ. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಿರಲಿ ಅಂತ ಸನ್ಯಾಸಿಗಳು ಹಿಟ್ಟಿನೊಳಗೆ ಮಾಂಸ ಬಚ್ಚಿಟ್ಟು ತಿನ್ನುತ್ತಿದ್ದರಂತೆ, ಅಲ್ಲಿಯವರೇ ನಕ್ಕು ಹೇಳುವ ಕತೆ. ಸಸ್ಯಾಹಾರಿಗಳು ಕೇಳಿ ತಿನ್ನಿ.

ಪಾಠ ಕೋಣೆಯಲ್ಲಿ ನಡೆದದ್ದು ಕಡಿಮೆ. ಬೆಟ್ಟದ ಮೇಲಿನ ಕೋಟೆಯ ಮ್ಯೂಸಿಯಂನಲ್ಲಿ ಮ್ಯಾಮತ್ ದಂತದಲ್ಲಿ ಕೆತ್ತಿದ ಒಂದು ಕುದುರೆ ಇದೆ, ಐದು ಸೆಂಟಿಮೀಟರೂ ಇಲ್ಲ, ಸುಮಾರು 40,000 ವರ್ಷ ಹಳೆಯದು. ಕತ್ತು ಬಾಗಿಸಿದ ರೀತಿ ನೋಡಿದರೆ ಕೆತ್ತಿದವನು ಕುದುರೆಯನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದನೋ ಅನ್ನಿಸುತ್ತೆ. ಅದೇ ಕೋಟೆಯ ಹಳೆಯ ಅಡುಗೆಮನೆಯನ್ನು ಲ್ಯಾಬ್ ಮಾಡಿಕೊಂಡು, ಆಸ್ಪತ್ರೆಯಿಂದ ತಂದ ಕೀವಿನ ಬ್ಯಾಂಡೇಜುಗಳನ್ನು ತೊಳೆದು, 1869ರಲ್ಲಿ ಮೀಷರ್ ಎಂಬ ಯುವಕ ನಾವು ಈಗ ಡಿಎನ್‌ಎ ಅನ್ನುವ ವಸ್ತುವನ್ನು ಬೇರ್ಪಡಿಸಿದ.

ಒಂದು ದಿನ ಗ್ರಾಫೆನೆಕ್‌ಗೆ ಕರೆದುಕೊಂಡು ಹೋದರು. 1940ರಲ್ಲಿ ನಾಜಿಗಳು ಅಲ್ಲಿ ಅಂಗವಿಕಲರನ್ನು, ಮಾನಸಿಕ ರೋಗಿಗಳನ್ನು ಅನಿಲ ಬಿಟ್ಟು ಕೊಂದರು. ಒಂದೇ ವರ್ಷದಲ್ಲಿ 10,654 ಜನ. ಈಗ ಅದೇ ಜಾಗದಲ್ಲಿ ಅಂಗವಿಕಲರ ವಸತಿ ಇದೆ. ಅಲ್ಲಿರುವ ಒಬ್ಬರು ಬಂದು ನಮ್ಮೆಲ್ಲರ ಕೈ ಕುಲುಕಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ವಾರದ ಕೊನೆ ಬಂದರೆ ಕ್ಲಾಸಿನ ಅರ್ಧ ಜನ ಪ್ಯಾರಿಸ್, ಜ್ಯೂರಿಕ್ ಅಂತ ರೈಲು ಹತ್ತುತ್ತಿದ್ದರು. ನನ್ನ ಹತ್ತಿರ ದುಡ್ಡಿರಲಿಲ್ಲ, ಊರಲ್ಲೇ ಉಳಿದೆ. ಈಗ ಅನ್ನಿಸೋದು, ಹೋಗಿದ್ದ ದುಡ್ಡಿಗೆ ಬೆಲೆ ಬಂದಿದ್ದೇ ಆ ಶನಿವಾರಗಳಿಂದ. ಒಂದು ಶನಿವಾರ ಪೇಟೆ ಕಡೆ ಹೋಗುತ್ತಿದ್ದಾಗ ಒಬ್ಬ ಅಜ್ಜಿ ಮನೆ ಮುಂದಿನ ಫುಟ್‌ಪಾತಿನಲ್ಲಿ ಮೊಣಕಾಲೂರಿ ಏನನ್ನೋ ತಿಕ್ಕುತ್ತಿದ್ದರು. ಸ್ಟೋಲ್ಪರ್‌ಸ್ಟೈನ್, ಅಂದರೆ ಎಡವುಗಲ್ಲು. ನಾಜಿಗಳು ಹೊತ್ತೊಯ್ದವರ ಮನೆಯೆದುರು ನೆಲದಲ್ಲಿ ಕೂರಿಸುವ ಅಂಗೈಯಗಲದ ಕಲ್ಲು, ಮೇಲೆ ಹಿತ್ತಾಳೆಯ ತಗಡು. 'ಇಲ್ಲಿ ವಾಸವಿದ್ದರು' ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಒಯ್ದರು, ಏನಾಯಿತು ಅಂತ ನಾಲ್ಕೈದು ಸಾಲು. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1990ರ ದಶಕದಲ್ಲಿ ಶುರು ಮಾಡಿದ್ದು, ಈಗ ಯೂರೋಪಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಇವೆ.

ನನ್ನ ಹರಕು ಜರ್ಮನ್‌ನಲ್ಲಿ "ಇವರು ನಿಮ್ಮ ಸಂಬಂಧಿಕರಾ?" ಅಂತ ಕೇಳಿದೆ. "ಅಲ್ಲ, ನಾನಿಲ್ಲಿ ಬಾಡಿಗೆಗಿದ್ದೇನೆ, ಈ ವಾರ ಗುಡಿಸುವ ಸರದಿ ನನ್ನದು" ಅಂದರು. ಆ ಕಡೆ ಅದೊಂದು ಪದ್ಧತಿ, ವಾರಕ್ಕೊಂದು ಮನೆಯವರು ಮೆಟ್ಟಿಲು, ಮುಂದಿನ ದಾರಿ ಎಲ್ಲ ಗುಡಿಸಬೇಕು. ದಾರಿಯಲ್ಲಿ ಕಲ್ಲಿದೆ, ಅದನ್ನೂ ತಿಕ್ಕುತ್ತಾರೆ, ಅಷ್ಟೇ. ಮುಖದಲ್ಲಿ ದೊಡ್ಡ ಭಾವನೆ ಏನೂ ಇರಲಿಲ್ಲ. ಮೂಲೆಯ ಒಂದು ಕಲೆ ಹೋಗುತ್ತಿಲ್ಲ ಅಂತ ಸಿಟ್ಟಿತ್ತು. ನಮ್ಮಲ್ಲಿ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ ಅಂದೆ. ಹುಣಸೆಹಣ್ಣು ಅಂದರೇನು ಅಂತ ವಿವರಿಸುವಷ್ಟರಲ್ಲಿ ಸಾಕಾಗಿಹೋಯಿತು.

ಕೊನೆಯ ವಾರ ಎಲ್ಲರೂ 15 ನಿಮಿಷ ಮಾತಾಡಬೇಕಿತ್ತು. ನನ್ನದು ಕಿಟ್ಟೆಲ್ ಅಂತ ಮೊದಲೇ ಗೊತ್ತಿತ್ತು, ಆದರೆ ಹೇಗೆ ಶುರು ಮಾಡೋದು ಅಂತ ಗೊತ್ತಿರಲಿಲ್ಲ. ಹುಣಸೆಯಿಂದಲೇ ಶುರು ಮಾಡಿದೆ. ಆ ಕಪ್ಪು ಉಂಡೆ ತೋರಿಸಿ, ಇದಕ್ಕೆ ನಮ್ಮ ಭಾಷೆಯಲ್ಲಿ ಏನಂತಾರೆ ಅಂತ ಮನೆ ಮನೆ ಕೇಳಿ ಬರೆದುಕೊಳ್ಳೋದು ಅಂದರೆ ಹೇಗಿರಬಹುದು, ಹಾಗೆ 70,000 ಪದ ಅಂದರೆ ಎಷ್ಟು ಕೆಲಸ, ಪದದ ಜೊತೆ ಗಾದೆಗಳನ್ನೂ ಕೊಟ್ಟಿದ್ದಾರೆ ನೋಡಿ, ಆದರೆ ಇವರು ಬಂದಿದ್ದು ಮತಪ್ರಚಾರಕ್ಕೆ, ಅದನ್ನೂ ಮರೆಯಬಾರದು ಅಂತ. ಪಾಠ ಮಾಡುವವರೇ ಕಿಟ್ಟೆಲ್ ಹೆಸರು ಕೇಳಿರಲಿಲ್ಲ. ಇದು ನನಗೆ ಸ್ವಲ್ಪ ಖುಷಿಯನ್ನೂ ಕೊಟ್ಟಿತು, ಸುಳ್ಳು ಯಾಕೆ ಹೇಳಲಿ.

ಉಳಿದ ಹುಣಸೆ ಉಂಡೆಯನ್ನು, ಸಾರಿಗೆ ಅಂತ ಅಮ್ಮ ಕಟ್ಟಿಕೊಟ್ಟಿದ್ದು, ಹೊರಡುವ ಹಿಂದಿನ ದಿನ ಅಜ್ಜಿಗೆ ಕೊಟ್ಟೆ. ನೀರಲ್ಲಿ ನೆನೆಸಿ ಅಲ್ಲೇ ತಿಕ್ಕಿ ನೋಡಿದರು. ಮೂಲೆಯ ಕಲೆ ಹೋಯಿತು. ಅಜ್ಜಿ ಒಮ್ಮೆ ಕಲ್ಲು ನೋಡಿದರು, ಒಮ್ಮೆ ನನ್ನನ್ನು ನೋಡಿದರು, "ಹೂಂ" ಅಂದು ಬಕೆಟ್ ಎತ್ತಿಕೊಂಡು ಒಳಗೆ ಹೋದರು. ಬೇಜಾರಾಗಿ ಸಂಜೆ ಮೇಷ್ಟ್ರಿಗೆ ಹೇಳಿದೆ. ಅವರು ಜೋರಾಗಿ ನಕ್ಕರು. "ಈ ಕಡೆ ಒಂದು ಮಾತಿದೆ, ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ ಅಂತ" ಅಂದರು.