ರೊಟ್ಟಿ ಬಡಿಯೋ ಸಪ್ಪಳಕ್ಕೆ ಕೆಂಚಿ ಓಡಿ ಬರೋ ಹಂಗ ಆದದ್ದು

ಬೀದರಿನ ನಮ್ಮ ಮನೆಗೆ ನಾಯಿ ಕೆಂಚಿ ಬಂದಾಗ ಅವಳಿಗೆ ಹೆಚ್ಚುಕಡಿಮೆ ಎರಡು ವರ್ಷ. ಮೇಲಿನ ಖೋಲಿಯಲ್ಲಿ ಬಾಡಿಗೆಗೆ ಇದ್ದು ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ ಹುಡುಗ ಅವಳನ್ನು ಕರೆತಂದ. ಕಿವಿಯ ತುದಿ ಕತ್ತರಿಸಿತ್ತು. ಬೀದಿನಾಯಿಗೆ ಮರಿಯಾಗದ ಹಾಗೆ ಆಪರೇಷನ್ ಆಗಿದೆ ಅನ್ನೋದಕ್ಕೆ ಅದೇ ಗುರುತು. ರೇಬೀಸ್ ಲಸಿಕೆಯೂ ಆಗಿತ್ತು. ಮೊದಲು ಯಾರದೋ ಮನೆಯಲ್ಲಿದ್ದು, ಏಟು ತಿಂದು, ಆಮೇಲೆ ಬೀದಿಗೆ ಬಿದ್ದವಳು. ಯಾರಾದರೂ ಕೈ ಎತ್ತಿದರೆ ಸಾಕು, ನೆಲಕ್ಕೆ ಅಂಟಿಕೊಂಡು ಬಾಲವನ್ನು ಹೊಟ್ಟೆಯ ಕೆಳಗೆ ಸೇರಿಸಿಬಿಡುತ್ತಿದ್ದಳು.

ನಾಯಿ ತಂದವರು ಮೊದಲು ಕೇಳೋದು ಏನು ತಿನ್ನಿಸಬೇಕು, ಏನು ಕಲಿಸಬೇಕು ಅಂತ. ನಾನು ಹೇಳೋದು, ಮೊದಲು ಮನೆಯ ದಿನಚರಿಯನ್ನು ಗಟ್ಟಿ ಮಾಡಿಕೊಳ್ಳಿ. ಯಾವ ಹೊತ್ತಿಗೆ ಕಸ ಹೊಡೀತಾರೆ, ಯಾವಾಗ ನೀರು ತುಂಬತಾರೆ, ಯಾವಾಗ ದೀಪ ಆರಿಸಿ ಮಲಗತಾರೆ ಅಂತ ನಾಯಿಗೆ ತಿಳಿಯಬೇಕು. ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದ ಕಡೆ ಭಯ ತಾನಾಗಿ ಸಡಿಲಾಗುತ್ತದೆ. ನಾವು ಕೆಂಚಿಗೆಂದು ಹೊಸ ಕೆಲಸ ಹುಟ್ಟಿಸಿಕೊಳ್ಳಲಿಲ್ಲ. ದಿನಾ ಮಾಡೋ ಕೆಲಸದಲ್ಲೇ ಅವಳಿಗೆ ಜಾಗ ಮಾಡಿಕೊಟ್ಟೆವು.

ಮೊದಮೊದಲು ಮೆಟ್ಟಿಲ ಕೆಳಗೆ ಗೋಣಿಚೀಲ ಹಾಸಿ ಬಿಟ್ಟೆವು. ಅಲ್ಲಿಗೆ ಯಾರೂ ಕೈ ಹಾಕಬಾರದು, ಬಗ್ಗಿ ನೋಡಬಾರದು ಅಂತ ಮಕ್ಕಳಿಗೂ ಅತ್ತೆಗೂ ಹೇಳಿದ್ದೆ. ನಾನು ಮೊರದಲ್ಲಿ ತೊಗರಿಬೇಳೆ ಹಸನು ಮಾಡುವಾಗ ಅವಳಿಂದ ದೂರದಲ್ಲಿ, ಮುಖ ಬೇರೆ ಕಡೆ ಮಾಡಿ ಕೂರುತ್ತಿದ್ದೆ. ಅಪರಿಚಿತರು ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ನಾಯಿಗೆ ಅದು ಬೆದರಿಕೆ. ಪಕ್ಕಕ್ಕೆ ತಿರುಗಿ ಕೂತು ಕೈ ಕೆಲಸದಲ್ಲಿದ್ದರೆ ಅದು ನಮ್ಮನ್ನು ನಿರಾಳವಾಗಿ ನೋಡುತ್ತದೆ, ಮೂಸುತ್ತದೆ. ಕೆಂಚಿ ಮೊದಲು ಮೂಸಿದ್ದು ನನ್ನ ಸೀರೆಯ ಅಂಚನ್ನು. ಕೈ ಚಾಚಬೇಕು ಅಂತ ಆಸೆ ಬಂತು, ಚಾಚಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ರೊಟ್ಟಿ. ನಮ್ಮ ಕಡೆ ಜೋಳದ ರೊಟ್ಟಿ ಲಟ್ಟಿಸೋದಲ್ಲ, ಬಡಿಯೋದು. ಪರಾತದ ಮೇಲೆ ಅಂಗೈ ಪಟಪಟ ಬೀಳುತ್ತದೆ. ಏಟು ತಿಂದ ನಾಯಿಗೆ ಕೈ ಏಳೋದು, ಕೆಳಗೆ ಬೀಳೋದು, ಸಪ್ಪಳ ಮೂರೂ ಒಟ್ಟಿಗೆ! ಮೊದಲ ರೊಟ್ಟಿಗೇ ಅವಳು ಬಚ್ಚಲು ಸೇರಿದಳು. ರೊಟ್ಟಿ ಬಿಡೋಕೆ ಆಗುತ್ತದೆಯೇ? ಹಾಗಾಗಿ ಮೇಲಿನ ಹುಡುಗ ಹೇಳಿದ ಕ್ರಮ ಹಿಡಿದೆವು. ಅಡುಗೆಮನೆ ಬಾಗಿಲು ಮುಚ್ಚಿ ನಾನು ಒಳಗೆ ಮೆಲ್ಲಗೆ ಬಡಿಯುವುದು. ಅಂಗಳದ ಬೇವಿನ ಗಿಡದ ಹತ್ತಿರ ಮಗಳು ಕೆಂಚಿಯ ಜೊತೆ ಕೂತು, ಸಪ್ಪಳ ಶುರುವಾದ ಮೇಲೆಯೇ ಬೇಯಿಸಿದ ಮೊಟ್ಟೆಯ ಸಣ್ಣ ಚೂರು ಕೊಡುವುದು. ಸಪ್ಪಳ ನಿಂತರೆ ಚೂರೂ ನಿಲ್ಲಬೇಕು. ಈ ಹಿಂದುಮುಂದು ಬಹಳ ಮುಖ್ಯ. ತಿನಿಸು ಮೊದಲು ಬಂದು ಸಪ್ಪಳ ಆಮೇಲೆ ಬಂದರೆ ತಿನಿಸನ್ನು ಕಂಡರೇ ಹೆದರುವ ನಾಯಿಯಾಗುತ್ತದೆ. ಇನ್ನೊಂದು, ಚೂರು ಮೂಗಿನ ಮುಂದಿದ್ದರೂ ಬಾಯಿ ಹಾಕದಿದ್ದರೆ ಅದಕ್ಕೆ ಹಟ ಅನ್ನಬೇಡಿ. ಭಯ ಬಿದ್ದ ನಾಯಿಗೆ ತಿನ್ನೋಕೆ ಆಗೋದಿಲ್ಲ. ಇನ್ನಷ್ಟು ದೂರ ಕರೆದುಕೊಂಡು ಹೋಗಬೇಕು, ಅಷ್ಟೆ.

ಆಮೇಲೆ ಬಾಗಿಲು ಅರ್ಧ ತೆರೆದೆವು. ಆಮೇಲೆ ಪೂರ್ತಿ. ಬೇವಿನ ಗಿಡದಿಂದ ಕಟ್ಟೆಗೆ, ಕಟ್ಟೆಯಿಂದ ಹೊಸ್ತಿಲಿಗೆ ಅವಳೇ ಒಂದೊಂದು ಹೆಜ್ಜೆ ಬಂದಳು. ಈಗ ಹಂಚು ಕಾಯುವ ಮೊದಲೇ ಹೊಸ್ತಿಲಲ್ಲಿ ಹಾಜರು. ಕಸಬರಿಗೆಗೂ ಇದೇ ದಾರಿ ಹಿಡಿದೆವು. ನೆಲದ ಮೇಲೆ ಸುಮ್ಮನೆ ಬಿದ್ದ ಕಸಬರಿಗೆಯ ಪಕ್ಕ ಚೂರು ಇಡೋದು, ಗುಡಿಸುವಾಗ ಅವಳ ಕಡೆಗೆ ತಳ್ಳದೆ ಆಚೆಗೆ ಗುಡಿಸೋದು.

ಊಟದ ಮಾತು ಬಂದರೆ, ನಮ್ಮ ಅಡುಗೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಪಲ್ಯವೇ ಇಲ್ಲ. ಎರಡೂ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸಿಗಿದು ಕರುಳಿಗೆ ಚುಚ್ಚುತ್ತದೆ. ಒಗ್ಗರಣೆಗೆ ಮೊದಲೇ ಬೆಂದ ಬೇಳೆ ತೆಗೆದಿಟ್ಟು, ಮೊಟ್ಟೆ ಅಥವಾ ಎಲುಬಿಲ್ಲದ ಕೋಳಿ ಸೇರಿಸಿ ರೊಟ್ಟಿ ಮುರಿದು ಹಾಕುತ್ತೇವೆ. ಅತ್ತೆ ಮೊದಲು ಗೊಣಗಿದರು. ಈಗ ಅವರೇ "ಕೆಂಚಿದು ತಗದಿಟ್ಟಿಯೇನವ್ವ?" ಅಂತ ಕೇಳುತ್ತಾರೆ.

ನಮ್ಮೂರಿನಲ್ಲಿ ಇನ್ನೊಂದು ಸದ್ದಿದೆ. ವಾಯುಸೇನೆಯ ತರಬೇತಿ ವಿಮಾನಗಳದ್ದು. ಜೆಟ್ ತಲೆಯ ಮೇಲೆ ಹಾದರೆ ಪಾತ್ರೆ ಅದುರುತ್ತವೆ. ಅದನ್ನು ಮೆಲ್ಲಗೆ ಮಾಡಿ ಅಂತ ಯಾರಿಗೆ ಹೇಳೋದು? ಹೆದರಿದ ನಾಯಿಗೆ ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅಂತ ಬಹಳ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಭಯ ಒಂದು ಭಾವನೆ, ಕಲಿಸಿದ ಆಟವಲ್ಲ. ಪಕ್ಕದಲ್ಲಿ ನಾವಿದ್ದೇವೆ ಅಂತ ಗೊತ್ತಾದರೆ ಅದು ಹೆಚ್ಚುವುದಿಲ್ಲ. ಅವಳು ಬಂದು ಕಾಲಿಗೆ ಆನಿಕೊಂಡರೆ ಆನಿಕೊಳ್ಳಲಿ ಅಂತ ಬಿಟ್ಟು, ಬಟ್ಟೆ ಹಿಂಡುವ ಕೆಲಸ ಮುಂದುವರಿಸುತ್ತೇನೆ. ವಿಮಾನ ಹೋದಮೇಲೆ ಒಂದು ಚೂರು ಸಿಗುತ್ತದೆ.

ತಿರುಗಾಟಕ್ಕೆ ಬೆಳಕು ಹರಿಯುವಾಗಲೇ ಪಾಪನಾಶದ ದಾರಿ ಹಿಡಿಯುತ್ತೇವೆ. ಕಲಬುರಗಿಗಿಂತ ನಮ್ಮೂರು ಎತ್ತರದಲ್ಲಿದೆ, ಬಿಸಿಲೂ ಸ್ವಲ್ಪ ಕಡಿಮೆ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಡಾಂಬರು ಪಂಜ ಸುಡುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ 7 ಸೆಕೆಂಡು ಹಿಡಿಯಲಾಗದಿದ್ದರೆ ನಾಯಿಯನ್ನು ನಡೆಸಬಾರದು. ಹಗ್ಗ ಉದ್ದ ಬಿಟ್ಟು ಅವಳು ಮೂಸುವಷ್ಟು ಹೊತ್ತು ನಿಲ್ಲುತ್ತೇನೆ. ನಾವು ಬೇಗ ನಡೆದು ಮನೆ ಸೇರಬೇಕು ಅನ್ನುತ್ತೇವೆ, ನಾಯಿಗೆ ಮೂಸೋದೇ ತಿರುಗಾಟ. ಕೆಲವು ದಿನ ಯಾವ ತಿರುವು ಹಿಡಿಯಬೇಕೆಂದು ಅವಳೇ ತೀರ್ಮಾನಿಸುತ್ತಾಳೆ. ಅಂಥ ದಿನಗಳಲ್ಲಿ ಅವಳು ತಿರುತಿರುಗಿ ನನ್ನ ಮುಖ ನೋಡೋದು ಹೆಚ್ಚು.

ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ ಬಂತು. ಬೀದಿನಾಯಿಗಳ ನಂಬಿಕೆ ಗಳಿಸೋಕೆ ತಿನಿಸಿಗಿಂತ ಮತ್ತೆ ಮತ್ತೆ ಮೈ ನೇವರಿಸುವುದೇ ಹೆಚ್ಚು ಫಲ ಕೊಟ್ಟಿತು ಅಂತ ಕೋಲ್ಕತ್ತದ ಐಸರ್ ಅನ್ನೋ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ್ದಾರೆ. ಮೇಲಿನ ಹುಡುಗನೇ ಓದಿ ಹೇಳಿದ್ದ. ನಿಜವಿರಬಹುದು, ಆದರೆ ಕೈಗೇ ಹೆದರುವ ಕೆಂಚಿಗೆ ಅದನ್ನು ಅವಸರ ಮಾಡುವಂತಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂತಾಗ ಎದೆಯ ಹತ್ತಿರ ಎರಡು ಸಲ ಕೆರೆದು ಕೈ ತೆಗೆಯುತ್ತಿದ್ದೆ. ಮತ್ತೆ ಒತ್ತಿಕೊಂಡು ಬಂದರೆ ಮುಂದುವರಿಸೋದು. ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ, ಮುಖ ತಿರುಗಿಸಿದರೆ ಅಲ್ಲಿಗೆ ಸಾಕು. ಹೀಗೆ ಎದೆಯಿಂದ ಬೆನ್ನು, ಕಿವಿ, ಪಂಜ ದಾಟಿ, ರಕ್ತ ಹೀರುವ ಉಣ್ಣೆ ಹುಳ ತೆಗೆಯುವಷ್ಟು ಸಲುಗೆ ಬಂತು. ಉಣ್ಣೆಯಿಂದ ನಾಯಿಗೆ ಜ್ವರ ಬರುತ್ತದೆ, ಹಾಗಾಗಿ ಇದು ಬರೀ ಮುದ್ದಲ್ಲ. ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೆಯಬೇಕು, ಬೆರಳಲ್ಲಿ ಹೊಸಕಬಾರದು. ವರ್ಷಕ್ಕೊಮ್ಮೆ ರೇಬೀಸ್ ಸೂಜಿ ಹಾಕಿಸುವಾಗ ಈಗ ನಾಲ್ಕು ಜನ ಹಿಡಿಯುವ ಗದ್ದಲ ಇಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೂ ಕರೆದುಕೊಂಡು ಹೋದೆವು. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲುವವರ ಹಿಂದೆ ಉದ್ದ ಹಗ್ಗದಲ್ಲಿ ಹೊಲವೆಲ್ಲ ಸುತ್ತಿದಳು, ಅಷ್ಟು ಜನರ ನಡುವೆಯೂ ನಮ್ಮನ್ನು ಬಿಟ್ಟು ಹೋಗಲಿಲ್ಲ.

ಇನ್ನೂ ಬಗೆಹರಿಯದೆ ಉಳಿದಿರುವುದು ಸಿಲಿಂಡರ್. ಗಾಡಿಯಿಂದ ಅದನ್ನು ಧಡ್ ಅಂತ ಇಳಿಸಿದ ಕೂಡಲೇ ಕೆಂಚಿ ಒದರಲು ಶುರು. "ಅಕ್ಕೋರೆ, ನನಗ ಕಂಡ್ರ ಯಾಕ್ ಇಷ್ಟ್ ಸಿಟ್ಟ್ರೀ ಇದಕ್ಕ?" ಅಂತ ಸಿಲಿಂಡರ್ ತರುವವನು ಕೇಳಿದ. ಸಿಟ್ಟಲ್ಲ, ಅಂಜಿಕೆ ಅಂತ ಹೇಳಿ, ರೊಟ್ಟಿಯ ಕತೆಯನ್ನೂ ಹೇಳಿದೆ. ಬರುವ ಸಲ ಗೇಟಿನ ಹೊರಗೇ ಮೆಲ್ಲಗೆ ಇಳಿಸಿ, ಅವಳ ಕಡೆ ನೋಡದೆ ಒಂದು ಚೂರು ಎಸೆದು ಹೋಗುತ್ತೇನೆ ಅಂದಿದ್ದಾನೆ. ಮೊಟ್ಟೆ ನಾನು ಬೇಯಿಸಿಡುತ್ತೇನೆ.