ಸೆಲ್ಲನ್ನ ಯಾಮಾರಿಸ್ತಿರೋದು ಪರಾವಲಂಬಿಯ ಸಕ್ಕರೆನಾ ಪ್ರೋಟೀನಾ? ಪತ್ತೆ ಹಚ್ಚೋದು ಹೀಗೆ

ಪರಾವಲಂಬಿಗಳು ಮೈಮೇಲಿನ ಸಕ್ಕರೆಯಿಂದ್ಲೇ ನಮ್ಮ ಇಮ್ಯೂನ್ ಸೆಲ್‌ಗಳನ್ನ ಮಂಕು ಮಾಡ್ತವೆ ಅಂತ ಹೇಳೋದು ಸುಲಭ, ಆದ್ರೆ ಆ ಸಕ್ಕರೆ ಮುರಿದು ನೋಡ್ದೆ ಹಾಗೆ ಹೇಳೋ ಹಾಗಿಲ್ಲ. ಶಿಸ್ಟೊಸೋಮಾ ಅನ್ನೋ ಪರಾವಲಂಬಿ ಹುಳದ ಮೊಟ್ಟೆಯಿಂದ ತೆಗೆದ ಸಾರ ಇಟ್ಕೊಂಡು ಹೇಳ್ತೀನಿ, ಇದ್ರಲ್ಲಿ ಲೂಯಿಸ್-ಎಕ್ಸ್ ಅನ್ನೋ ಸಕ್ಕರೆ ಧಾರಾಳವಾಗಿದೆ.

ರಕ್ತದ ಮಾನೋಸೈಟ್‌ಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಜಿಎಂ-ಸಿಎಸ್‌ಎಫ್, ಐಎಲ್-4 ಅನ್ನೋ ಸಂಕೇತ ಪ್ರೋಟೀನ್ ಹಾಕಿ 5-6 ದಿನ ಬೆಳೆಸಿ, ಡೆಂಡ್ರಿಟಿಕ್ ಸೆಲ್, ಅಂದ್ರೆ ಮಿಕ್ಕ ಇಮ್ಯೂನ್ ಸೆಲ್‌ಗಳಿಗೆ ಸುದ್ದಿ ಮುಟ್ಟಿಸೋ ಸೆಲ್ ಆಗ್ತವೆ. ಒಂದಿಷ್ಟಕ್ಕೆ ಬರೀ ಎಲ್‌ಪಿಎಸ್ (ಸೆಲ್ಲನ್ನ ಕೆರಳಿಸೋ ಬ್ಯಾಕ್ಟೀರಿಯಾದ ಹೊರಪದರದ ವಸ್ತು), ಇನ್ನೊಂದಿಷ್ಟಕ್ಕೆ ಎಲ್‌ಪಿಎಸ್ ಜೊತೆ ಮೊಟ್ಟೆ ಸಾರ ಕೊಟ್ಟು ಮಾರನೇ ದಿನ ಐಎಲ್-12 ಅಳೀರಿ, ಇದು ಕೆರಳಿದ ಸೆಲ್ ಹೊರಬಿಡೋ ಸಂಕೇತ ಪ್ರೋಟೀನ್. ಸಾರ ಬಿದ್ದ ಕಡೆ ಕಮ್ಮಿ ಬರ್ಬೇಕು. ಸೆಲ್ ಸತ್ರೂ ಕಮ್ಮಿನೇ ಬರತ್ತೆ, ಹಾಗಾಗಿ ಎಷ್ಟು ಬದುಕಿವೆ ಅಂತ ಎಣಿಸದೆ ಖುಷಿ ಪಡ್ಬೇಡಿ.

ಈಗ ಸಕ್ಕರೆ ಮುರಿಯೋದು. ಸಾರಕ್ಕೆ ಸೋಡಿಯಂ ಪೆರಿಅಯೊಡೇಟ್ ಹಾಕಿ ಆಮ್ಲೀಯ ಬಫರ್‌ನಲ್ಲಿ ಕತ್ತಲಲ್ಲಿಡಿ, ಅಕ್ಕಪಕ್ಕ ಹೈಡ್ರಾಕ್ಸಿಲ್ ಇರೋ ಜಾಗದಲ್ಲಿ ಸಕ್ಕರೆಯ ಉಂಗುರ ಒಡೆಯತ್ತೆ, ಪ್ರೋಟೀನ್ ಬಹುಪಾಲು ಹಾಗೇ ಉಳಿಯತ್ತೆ. ಆಮೇಲೆ ಒಡೆದ ತುದಿಗಳು ಬೇರೆದಕ್ಕೆ ಅಂಟದ ಹಾಗೆ ಮಾಡೋಕೆ ಬೋರೋಹೈಡ್ರೈಡ್, ಆಮೇಲೆ ಉಳಿದ ರಾಸಾಯನಿಕ ಪೊರೆ ಮೂಲಕ ಸೋಸಿ ತೆಗೆಯೋಕೆ ಡಯಾಲಿಸಿಸ್. ನಾನು ಒಂದ್ಸಲ ಅವಸರದಲ್ಲಿ ಡಯಾಲಿಸಿಸ್ ಅರ್ಧಕ್ಕೇ ನಿಲ್ಸಿ ಪ್ಲೇಟ್ ಪೂರ್ತಿ ಸೆಲ್ ಸಾಯಿಸಿದ್ದೆ. ಪೆರಿಅಯೊಡೇಟ್ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿರೋ ಕಂಟ್ರೋಲ್ ಬೇಕೇ ಬೇಕು. ಎರಡನ್ನೂ ಮೊದಲಿನ ಹಾಗೇ ಸೆಲ್‌ಗೆ ಕೊಟ್ಟು ಐಎಲ್-12 ಹೋಲಿಸಿ.

ಇದರ ಬದಲು ಪಿಎನ್‌ಜಿಏಸ್ ಎಫ್ ಎಂಜೈಮ್ ಹಾಕಿ ಪ್ರೋಟೀನ್‌ನಿಂದ ಸಕ್ಕರೆ ಸರಪಳಿ ಕತ್ತರಿಸ್ತೀನಿ ಅಂತ ಹೊರಟ್ರೆ ಇಲ್ಲೊಂದು ಗುಂಡಿ ಇದೆ: ಈ ಹುಳದ ಸಕ್ಕರೆ ಸರಪಳಿಯ ಬುಡದಲ್ಲಿ ಎಷ್ಟೋ ಕಡೆ ಆಲ್ಫಾ-1,3 ಫ್ಯುಕೋಸ್ ಅನ್ನೋ ಸಣ್ಣ ಸಕ್ಕರೆ ಕೂತಿರತ್ತೆ, ಆಗ ಈ ಎಂಜೈಮ್ ಕತ್ತರಿಸಲ್ಲ, ಪಿಎನ್‌ಜಿಏಸ್ ಎ ಬೇಕು. ಇದು ಗೊತ್ತಿಲ್ದೆ 'ಸಕ್ಕರೆ ತೆಗೆದ್ರೂ ವ್ಯತ್ಯಾಸ ಇಲ್ಲ' ಅಂತ ಬರೆದ್ರೆ ಮುಗೀತು ಕಥೆ.

ಸೆಲ್ ಮೇಲಿನ ಯಾವ ರಿಸೆಪ್ಟರ್ ಈ ಸಕ್ಕರೆ ಹಿಡಿಯತ್ತೆ ಅಂತ ನೋಡೋಕೆ ಮ್ಯಾನಾನ್ (ಮ್ಯಾನೋಸ್ ಸಕ್ಕರೆಯ ಸರಪಳಿ) ಹಾಕಿ ತಡೀರಿ, ಆದ್ರೆ ಅದು ಡಿಸಿ-ಸೈನ್, ಮ್ಯಾನೋಸ್ ರಿಸೆಪ್ಟರ್ ಅನ್ನೋ ಎರಡು ರಿಸೆಪ್ಟರ್‌ಗಳನ್ನೂ ಮುಚ್ಚತ್ತೆ, ಒಂದೊಂದೇ ತಡೆಯೋಕೆ ಆ್ಯಂಟಿಬಾಡಿನೇ ಸರಿ. ಇಜಿಟಿಎ ಅನ್ನೋ ರಾಸಾಯನಿಕ ಈ ರಿಸೆಪ್ಟರ್‌ಗಳಿಗೆ ಬೇಕಾದ ಕ್ಯಾಲ್ಸಿಯಂ ಕಿತ್ಕೊಂಡು ಸಕ್ಕರೆ ಅಂಟೋದನ್ನ ನಿಲ್ಸತ್ತೆ, ಆದ್ರೆ ಸ್ವಲ್ಪ ಹೊತ್ತಿನ ಬೈಂಡಿಂಗ್ ಪರೀಕ್ಷೆಗೆ ಮಾತ್ರ, ರಾತ್ರಿಯಿಡೀ ಬಿಟ್ರೆ ಸೆಲ್ಲೇ ಕೆಡತ್ತೆ.

ಸಕ್ಕರೆ ಒಡೆದಾಗ ಪರಿಣಾಮ ಹೋಯ್ತು ಅಂದ್ರೂ ಪ್ರೋಟೀನ್‌ನ ಕೈಬಿಡ್ಬೇಡಿ. ಇದೇ ಮೊಟ್ಟೆಯ ಒಮೆಗಾ-1 ಅನ್ನೋ ಪ್ರೋಟೀನ್ ನೋಡಿ, ತನ್ನ ಮೇಲಿನ ಸಕ್ಕರೆ ಬಳಸ್ಕೊಂಡು ಮ್ಯಾನೋಸ್ ರಿಸೆಪ್ಟರ್ ಮೂಲಕ ಒಳಗೆ ನುಗ್ಗತ್ತೆ, ನುಗ್ಗಿದ್ಮೇಲೆ ಸೆಲ್ಲಿನ ಆರ್‌ಎನ್‌ಎ ಕತ್ತರಿಸೋದು ಪ್ರೋಟೀನ್. ಸಕ್ಕರೆ ಕೂರದ ಹಾಗೆ ಮಾಡಿದ ರೂಪಾಂತರ, ಆರ್‌ಎನ್‌ಎ ಕತ್ತರಿಸೋಕಾಗದ ರೂಪಾಂತರ, ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದಾಗ್ಲೇ ಇದು ಗೊತ್ತಾಗಿದ್ದು.